ಬಾಣಂತಿ ಅಕ್ಕಿ

ನಮ್ಮ ಮನೆಯಲ್ಲಿ ಹಗಲು ಹೊತ್ತು ಕೂಸು ಅತ್ತರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅಕ್ಕಿ ಗಿರಣಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಿಗ್ಗೆ ಎಣ್ಣೆ ಇಂಜಿನ್ ಶುರುವಾಯಿತೆಂದರೆ ಆ ಗೋಡೆ ನಡುಗುತ್ತಿತ್ತು, ಗೂಡಿನಲ್ಲಿಟ್ಟ ತಾಮ್ರದ ಚೊಂಬು ತಾನಾಗಿಯೇ ಸರಿದು ಅಂಚಿಗೆ ಬರುತ್ತಿತ್ತು. ಅತ್ತೆ ಆಗಾಗ ಎದ್ದು ಅದನ್ನು ಹಿಂದಕ್ಕೆ ತಳ್ಳುವರು. ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ನನ್ನ ಗಂಡ ದಿನವಿಡೀ ಇಂಜಿನ್ ಪಕ್ಕದಲ್ಲಿ ಇರುತ್ತಿದ್ದವರು. ಹರೆಯದಲ್ಲೇ ಅವರ ಕಿವಿ ಮಂದವಾಗಿತ್ತು. ಜಗಳ ತೆಗೆದರೂ ನನ್ನ ಬೈಗುಳ ಅರ್ಧಕ್ಕರ್ಧ ದಂಡವಾಗುತ್ತಿತ್ತು.

ನಾನು ಕಂಪ್ಲಿಗೆ ಸೊಸೆಯಾಗಿ ಬಂದಾಗ ಗಿರಣಿ ಇರಲಿಲ್ಲ. ಹೊಳೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರು ಅದು. ಭತ್ತ ಕೊಂಡು, ಕುಟ್ಟಿಸಿ, ಅಕ್ಕಿ ಮಾರುವುದು ನಮ್ಮ ಮಾವನ ಮನೆಯ ವ್ಯಾಪಾರ. ಹಿತ್ತಲ ಪಡಸಾಲೆಯಲ್ಲಿ ಸಾಲಾಗಿ ಒರಳುಗಳು. ಕುಟ್ಟುವ ಹೆಂಗಸರು ಇಬ್ಬಿಬ್ಬರು ಎದುರುಬದುರಾಗಿ ನಿಂತು, ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುವ ಹಾಗೆ ಹಾಕುವರು. ಲಯ ತಪ್ಪಿದರೆ ಕೈ ಜಜ್ಜಿಹೋಗುತ್ತದೆ, ಅದಕ್ಕೇ ಹಾಡು. ಹಾಡಿನಲ್ಲಿ ಅತ್ತೆಯ ಕಾಟ, ಗಂಡನ ಜಿಪುಣತನ, ಎದುರುಮನೆಯವಳ ಹೊಸ ಸೀರೆ, ಎಲ್ಲ ಬರುತ್ತಿತ್ತು. ನಮ್ಮ ಅತ್ತೆಯನ್ನೇ ಎಳೆದು ತಂದು ಹಾಡಿದರೂ ಅತ್ತೆ ನಗುತ್ತಾ ತಾವೂ ಒಂದು ಸೊಲ್ಲು ಕೂಡಿಸುವರು. ಅವರದು ತುಂಬು ದನಿ. ಹಾಗೆ ಕುಟ್ಟಿದ ಅಕ್ಕಿ ಕೆಂಪಗೆ, ಮೈಮೇಲೆ ತೌಡಿನ ಪೊರೆ ಉಳಿದುಕೊಂಡು, ನೋಡಲು ಏನೂ ಚಂದವಿರಲಿಲ್ಲ.

ಗಿರಣಿ ರೈಲಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಕಂಪ್ಲಿಗೆ ಬಂತು. ಕುಟ್ಟುವ ಹೆಂಗಸರು ಕೆಲವು ದಿನ ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದರು. ಕೆಲಸಕ್ಕೆ ಕರೆದಾರೆಂಬ ಆಸೆ. ಯಾರೂ ಕರೆಯದಿದ್ದಾಗ ಕೆಲವರು ಕಬ್ಬಿನ ಗದ್ದೆಗೆ ಹೋದರು, ಕೆಲವರು ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋದರು. ಒರಳುಗಳನ್ನು ಬೋರಲು ಹಾಕಿದರು. ಒಂದನ್ನು ಮಾತ್ರ ಎಮ್ಮೆಗೆ ಕಲಗಚ್ಚು ಹಾಕಲು ಇಟ್ಟುಕೊಂಡೆವು. ಆಮೇಲೆ ಅತ್ತೆ ಹಾಡಿದ್ದನ್ನು ನಾನು ಕೇಳಲಿಲ್ಲ. ಹಾಡಿದ್ದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲವೆನ್ನಿ.

ಮಾವನಿಗೆ ಹೊಸ ಅಕ್ಕಿಯ ಬಿಳುಪಿನದೇ ಹುಚ್ಚು. ಬಂದವರ ಎದುರು ಮಡಿ ಧೋತರ ಹಾಸಿ, ಅದರ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ, "ಬಟ್ಟಿ ಯಾವುದು, ಅಕ್ಕಿ ಯಾವುದು ಹೇಳ್ರಿ ನೋಡೋಣು" ಎನ್ನುವರು. ಸುತ್ತಲ ಹಳ್ಳಿಯವರು, ಹಂಪಿ ಕಡೆಯ ಬಾಳೆತೋಟದವರು, ಜೋಳ ತಿಂದೇ ಬೆಳೆದವರು, ಬಾಯಿಬಿಟ್ಟುಕೊಂಡು ನೋಡುವರು. ಎರಡು ಸಲ ಪಾಲಿಶ್ ಮಾಡಿದ ಅಕ್ಕಿಯನ್ನು ಅತ್ತೆ ಬೇರೆ ಡಬ್ಬಿಯಲ್ಲಿಟ್ಟು ದೇವರ ನೈವೇದ್ಯಕ್ಕೆ, ಜಡ್ಡಿನವರಿಗೆ, ಬಾಣಂತಿಯರಿಗೆ ಮಾತ್ರ ತೆಗೆಯುವರು. ಅದು ಹಗುರ, ಹೊಟ್ಟೆಗೆ ಭಾರವಲ್ಲ ಎಂದು ಎಲ್ಲರ ನಂಬಿಕೆ. ಅಂಗಡಿಯಲ್ಲೂ ಜನ "ಬಾಣಂತಿ ಅಕ್ಕಿ ಕೊಡ್ರಿ" ಎಂದು ಕೇಳಲು ಶುರು ಮಾಡಿದರು. ಬೆಲೆ ಹೆಚ್ಚಾದರೂ ಮನೆಯಲ್ಲಿ ಹೆರಿಗೆಯಾದರೆ ಬಡವರೂ ಅದನ್ನೇ ಒಯ್ಯುವರು.

ನನ್ನ ಮೊದಲ ಮಗಳು ಹುಟ್ಟಿದ್ದು ತವರುಮನೆ ದರೋಜಿಯಲ್ಲಿ. ಅಲ್ಲಿ ಗಿರಣಿಯೂ ಇಲ್ಲ, ಬಿಳಿ ಅಕ್ಕಿಯೂ ಇಲ್ಲ. ಅವ್ವ ನವಣೆ ಅನ್ನ, ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿದ ಬೇಳೆ ಕಟ್ಟು ಕೊಟ್ಟಳು. ಆ ಹುಡುಗಿ ಅತ್ತರೆ ಕೆರೆಯ ಏರಿಯ ಮೇಲೆ ಹೋಗುವವರೂ ತಿರುಗಿ ನೋಡುತ್ತಿದ್ದರು. ಎರಡನೆಯದಕ್ಕೆ ಅವ್ವ ಇರಲಿಲ್ಲ. ಕಂಪ್ಲಿಯಲ್ಲೇ ಹೆರಿಗೆಯಾಯಿತು. ಗಂಡು ಮಗು. ಗಿರಣಿ ಮನೆಗೆ ವಾರಸುದಾರ ಬಂದನೆಂದು ಮಾವ ಊರಿಗೆಲ್ಲ ಸಕ್ಕರೆ ಹಂಚಿದರು. ಅತ್ತೆ ನನ್ನ ಪಥ್ಯವನ್ನು ತಮ್ಮ ಕೈಯಲ್ಲೇ ತೆಗೆದುಕೊಂಡರು. ಬಾಣಂತಿ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಬೇಯಿಸಿ, ಗಂಜಿ ಬಸಿದು, ಮಲ್ಲಿಗೆ ಮೊಗ್ಗಿನಂಥ ಅನ್ನಕ್ಕೆ ತುಪ್ಪ ಹಾಕಿ, ಮೆಣಸಿನ ನೀರು ಬಿಟ್ಟು ಕೊಡುವರು. ಬೇಳೆ ವಾಯು, ಕಾಯಿಪಲ್ಯ ಶೀತ, ರೊಟ್ಟಿ ಭಾರ. ಗಂಜಿ, ತೌಡು ಎರಡೂ ಎಮ್ಮೆಗೆ. ಆ ಎಮ್ಮೆ ಆನೆಯಂತಾಗಿತ್ತು.

ಜೋಳದ ಸೀಮೆಯ ಹುಡುಗಿ ನಾನು. ಎಷ್ಟು ದಿನ ಅನ್ನ ತಿನ್ನಲಿ? ಒಂದು ದಿನ ಆಳುಗಳಿಗೆಂದು ಬಡಿದ ರೊಟ್ಟಿಯಲ್ಲಿ ಒಂದನ್ನು ಕದ್ದು, ಕೌದಿಯ ಕೆಳಗಿಟ್ಟುಕೊಂಡು, ಮುರಿದು ಮುರಿದು ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಆಮೇಲೆ ನಾನು ತಿಂದಿಲ್ಲ. ಚೂರುಗಳು ಅತ್ತೆಯ ಕಣ್ಣಿಗೆ ಬಿದ್ದವು. ಅದೇ ವಾರ ಕೂಸು ಹಾಲು ಕಕ್ಕತೊಡಗಿತು, ಮುಖ ಊದಿತು, ಒಂದು ಮಧ್ಯಾಹ್ನ ತುಟಿ ನೀಲಿಯಾಗಿ ನನ್ನ ತೊಡೆಯ ಮೇಲೆಯೇ ಹೋಗಿಬಿಟ್ಟಿತು. ಗೋಡೆಯಾಚೆ ಇಂಜಿನ್ ಓಡುತ್ತಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನ ಮುಂದೆ ಕೂತು, "ನಿನ್ನ ನಾಲಿಗಿ ಚಪಲ ನನ್ನ ಮೊಮ್ಮಗನ್ನ ತಿಂತು" ಎಂದರು. ಕೂಗಲಿಲ್ಲ. ಆ ಹೊತ್ತು ಇಂಜಿನ್ ನಿಲ್ಲಿಸಿದ್ದರಿಂದ ಕೂಗುವ ಅಗತ್ಯವಿರಲಿಲ್ಲ. ನಾನು ಯಾರ ಮಾತಿಗೂ ತಲೆ ತಗ್ಗಿಸುವವಳಲ್ಲ, ಆದರೆ ಆ ಮಾತಿಗೆ ತಗ್ಗಿಸಿದೆ. ನಂಬಿದೆ. ನೀರು ಸೇದುವಾಗ, ಮಗಳ ತಲೆ ಬಾಚುವಾಗ, ಊಟಕ್ಕೆ ಕೂತಾಗ, ಆ ರೊಟ್ಟಿಯೇ ನೆನಪಾಗುತ್ತಿತ್ತು.

ಮೂರನೆಯದು ಹುಟ್ಟುವಾಗ ಯುದ್ಧದ ವರ್ಷಗಳು. ಮತ್ತೆ ಗಂಡು. ಕಿವಿಯ ಹಿಂದೆ ಮೊದಲಿನವನಿಗಿದ್ದಂಥದೇ ಮಚ್ಚೆ ನೋಡಿ ಅತ್ತೆ, "ಹೋದಾವನೇ ತಿರುಗಿ ಬಂದಾನ" ಎಂದು ಕೂಸನ್ನು ಎದೆಗೊತ್ತಿಕೊಂಡು ಅತ್ತರು. ಈ ಸಲ ನಾನು ಪಥ್ಯವನ್ನು ವ್ರತದಂತೆ ಹಿಡಿದೆ. ಅತ್ತೆ ಒಂದು ಸಲ ತೊಳೆದ ಅಕ್ಕಿಯನ್ನು ಇನ್ನೊಂದು ಸಲ ತೊಳೆಯಿರಿ ಎಂದು ನಾನೇ ಹೇಳುತ್ತಿದ್ದೆ. ಮಗಳು ರೊಟ್ಟಿ ತಿನ್ನುತ್ತ ಹತ್ತಿರ ಬಂದರೆ ಬೈದು ಓಡಿಸುತ್ತಿದ್ದೆ, ಆ ವಾಸನೆಯೂ ಬೇಡವೆಂದು. ಅಂಗಾಲು ಜುಮ್ಮೆನ್ನತೊಡಗಿತು. ಎದ್ದರೆ ಮೊಣಕಾಲು ನನ್ನವಲ್ಲವೆನ್ನಿಸುವುದು. ಅತ್ತೆ "ವಾಯು ಕೂಡೇತಿ" ಎಂದು ಮೆಣಸಿನ ನೀರಿನಲ್ಲಿದ್ದ ನಾಲ್ಕು ಬೆಳ್ಳುಳ್ಳಿ ಎಸಳನ್ನೂ ತೆಗೆದುಬಿಟ್ಟರು. ಉಳಿದದ್ದು ಅನ್ನ, ತುಪ್ಪ, ಮೆಣಸು.

ಕೂಸು ಸಮಾಧಾನದ್ದು ಎಂದು ಎಲ್ಲರೂ ಹೊಗಳುವರು. ಎಷ್ಟು ಹೊತ್ತಾದರೂ ಸದ್ದಿಲ್ಲ. ಗಿರಣಿಯ ಗದ್ದಲಕ್ಕೆ ಒಗ್ಗಿಕೊಂಡಿದೆ ಎಂದುಕೊಂಡೆವು. ಒಂದು ಮಧ್ಯಾಹ್ನ ಇಂಜಿನ್ ಕೆಟ್ಟು ಗಿರಣಿ ಗಕ್ಕನೆ ನಿಂತಿತು. ಅಂಗಳದ ಗುಬ್ಬಿಗಳ ಚಿಲಿಪಿಲಿ ಕೇಳುವಷ್ಟು ನಿಶ್ಶಬ್ದ. ನಾನು ತೊಟ್ಟಿಲೊಳಗೆ ಬಗ್ಗಿ ನೋಡಿದೆ. ಕೂಸು ಅಳುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಕಣ್ಣಲ್ಲಿ ನೀರು, ಮುಷ್ಟಿ ಬಿಗಿದು ಕೈಕಾಲು ಬಡಿಯುತ್ತಿತ್ತು. ದನಿ ಇರಲಿಲ್ಲ. ಒಣಗಿದ ಎಲೆ ನೆಲಕ್ಕುಜ್ಜಿದಂಥ ಉಸಿರು ಅಷ್ಟೇ. ಎಷ್ಟು ದಿನದಿಂದ ಅದು ಹಾಗೆ ಅಳುತ್ತಿತ್ತೋ, ನಾವು ಸಮಾಧಾನದ ಕೂಸೆಂದು ಹೊಗಳುತ್ತ ಎಷ್ಟು ಸಲ ತೊಟ್ಟಿಲು ದಾಟಿ ಹೋಗಿದ್ದೆವೋ!

ಮಠದ ಅಯ್ಯನವರನ್ನು ಕರೆಸಿದರು. ವಿಭೂತಿ ಹಚ್ಚಿ, ತಾಯಿತ ಕಟ್ಟಿ, ಬಾಲಗ್ರಹವೆಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಕೂಸಿನ ತುಟಿಯಂಚು ನೀಲಿಯಾಗತೊಡಗಿತು. ಆ ನೀಲಿ ನನಗೆ ಗೊತ್ತಿತ್ತು. ಅತ್ತೆ ಮಾಡಲು ಇನ್ನೇನೂ ಉಳಿದಿಲ್ಲವೆಂದು ಅರಿಸಿನ ಕೊಂಬು ಕಾಯಿಸಿ ಹೊಟ್ಟೆಗೆ ಬರೆ ಹಾಕಿದರು. ನಾನೇ ಕೂಸಿನ ಕಾಲು ಹಿಡಿದುಕೊಂಡಿದ್ದೆ. ಗಿರಣಿ ಇನ್ನೂ ನಿಂತೇ ಇತ್ತು, ಚರ್ಮ ಸುಟ್ಟ ಸದ್ದು ಕೇಳಿಸಿತು. ಕೂಸಿನ ಸದ್ದು ಕೇಳಿಸಲಿಲ್ಲ. ಬಾಯಿ ತೆರೆಯಿತು, ಮುಚ್ಚಿತು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ತಮ್ಮ ಎರಡೂ ಕಿವಿಗೆ ಕೈ ಹಚ್ಚಿ ನೋಡಿಕೊಂಡರು. ತಮಗೆ ಮಾತ್ರ ಕೇಳುತ್ತಿಲ್ಲ ಎಂದುಕೊಂಡಿರಬೇಕು.

"ಅಳಾಕತ್ತೈತೇನು?" ಎಂದು ನನ್ನನ್ನು ಕೇಳಿದರು.

"ಅಳಾಕತ್ತೈತ್ರಿ. ದನಿ ಹೋಗೇತಿ" ಎಂದು ಕೂಗಿದೆ.

ಅವರು ಅಪ್ಪನ ಎದುರು ಎಂದೂ ಮಾತಾಡದವರು. ಆ ದಿನ ಅಂಗಳಕ್ಕೆ ಹೋಗಿ, "ಅಪ್ಪಾ, ಹೊಸಪ್ಯಾಟಿ ಡಾಕ್ಟರ ಕಡೆ ಒಯ್ಯಾಣು. ನೀ ಬರದಿದ್ರ ನಾವ ಹೊಕ್ಕೀವಿ" ಎಂದರು. ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಅತ್ತೆ ಅಡ್ಡ ನಿಂತರು. ನಾನು ಅವರನ್ನು ಸರಿಸಿ ದಾಟಿದೆ. ಮಾವ ಮೆಟ್ಟು ಹಾಕಿಕೊಂಡರು. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದೆಂದು, ಡಾಕ್ಟರಿಗೆ ಕೊಡಲು ಒಂದು ಸಣ್ಣ ಚೀಲ ಬಾಣಂತಿ ಅಕ್ಕಿಯನ್ನೂ ಹೊರಿಸಿದರು. ಮನೆಯಲ್ಲಿದ್ದ ಒಳ್ಳೆಯ ವಸ್ತು ಅದೇ ತಾನೆ.

ಪೆಟ್ರೋಲು ಸಿಗದ ಕಾಲ. ಇದ್ದಿಲು ಬಸ್ಸು. ಹಿಂದುಗಡೆ ಒಂದು ದೊಡ್ಡ ಪೀಪಾಯಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಗ್ಯಾಸಿನ ಮೇಲೆ ಓಡಬೇಕು. ಹೊರಡುವ ಮೊದಲು ಒಬ್ಬ ಚಕ್ರ ತಿರುಗಿಸಿ ಗಾಳಿ ಊದುತ್ತ ಕೂತ. ಬೆಂಕಿ ಹತ್ತಿತೆಂದರೂ ಗ್ಯಾಸು ಸಾಲದು, ಗ್ಯಾಸು ಬಂತೆಂದರೆ ಇಂಜಿನ್ ಕೆಮ್ಮುವುದು. "ಜಲ್ದಿ ಮಾಡಪ್ಪಾ" ಎಂದು ನನ್ನ ಗಂಡ ಅವನ ಕೈಯಿಂದ ಹಿಡಿಕೆ ಕಸಿದು ತಾವೇ ತಿರುಗಿಸಿದರು. ಅಂತೂ ಹೊರಟಿತು. ಹಂಪಿಯ ಕಡೆ ಬಂಡೆಗುಡ್ಡಗಳು ಶುರುವಾಗುವಲ್ಲಿ, ಏರಿನ ನಡುವೆ ನಿಂತೇಬಿಟ್ಟಿತು. ಡ್ರೈವರ್ ಎಲ್ಲರನ್ನೂ ಇಳಿಸಿದ. ತೂಕದ ಕಲ್ಲು ಬಿಟ್ಟು ಬೇರೇನನ್ನೂ ಎತ್ತಿ ಅಭ್ಯಾಸವಿಲ್ಲದ ಮಾವ, ಅಂಚಿನ ಧೋತರ ಮೇಲಕ್ಕೆ ಕಟ್ಟಿ, ಸಂತೆಯವರ ಜೊತೆ ಹೆಗಲು ಕೊಟ್ಟು ಬಸ್ಸು ನೂಕಿದರು.

ಒಳಗೆ ನಾನೊಬ್ಬಳೇ. ಗಿರಣಿ ಬಂದಾಗಿನಿಂದ ಸದ್ದನ್ನು ಶಪಿಸುತ್ತ ಬಂದವಳು, ಆಗ ಮಾತ್ರ ಇಂಜಿನ್ನಿನ ಸದ್ದಿಗಾಗಿ ಕಂಡ ಕಂಡ ದೇವರಿಗೆ ಹರಕೆ ಹೊತ್ತೆ. ಕೂಸಿನ ಮೂಗಿನ ಹತ್ತಿರ ಕೆನ್ನೆ ಇಟ್ಟು ಕೂತಿದ್ದೆ. ಉಸಿರು ಬಂದರೆ ಬದುಕಿದೆ, ಬರದಿದ್ದರೆ ಇಲ್ಲ. ಬರುತ್ತಿತ್ತು. ನಿಲ್ಲುತ್ತಿತ್ತು. ಹೊರಗೆ ಜನ "ಹೈಸಾ" ಎನ್ನುವಾಗ ನನಗೆ ಅವರ ಬಾಯಿ ಮುಚ್ಚಿಸಬೇಕೆನ್ನಿಸುತ್ತಿತ್ತು, ಆ ಗದ್ದಲದಲ್ಲಿ ಉಸಿರು ತಿಳಿಯುತ್ತಿರಲಿಲ್ಲ. ಶಿವನೇ, ಒಂದನ್ನು ಕೊಟ್ಟಿದ್ದೇನೆ, ಇದನ್ನು ಕೊಡುವುದಿಲ್ಲ, ಎಂದು ಜೋರಾಗಿಯೇ ಅಂದೆ.

ಹೊಸಪೇಟೆಯ ಡಾಕ್ಟರು ತೆಲುಗು ಸೀಮೆಯವರು. ಮೊದಲು ಸಮುದ್ರದ ಕಡೆಯ ಊರುಗಳಲ್ಲಿ ಇದ್ದು ಬಂದವರಂತೆ. ಕೂಸಿನ ಬಾಯಿ ನೋಡಿದರು, ಎದೆಗೆ ಕಿವಿನಳಿಗೆ ಇಟ್ಟರು, ಆಮೇಲೆ ಕೂಸನ್ನು ಬಿಟ್ಟು ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟರು. ಕಾಲು ಅಲ್ಲಾಡಲಿಲ್ಲ.

"ಏನಮ್ಮಾ, ಊಟ ಏನು ಮಾಡ್ತೀರಿ?"

"ಅನ್ನ, ತುಪ್ಪ, ಮೆಣಸಿನ ನೀರು. ಪಥ್ಯ ಮುರಿದಿಲ್ರಿ, ದೇವರಾಣಿ" ಎಂದೆ. ನನಗೆ ಆಗಲೂ ಅದೇ ಭಯ.

"ಅಕ್ಕಿ ಎಂಥದು?"

ಮಾವ ಆ ಮಾತಿಗೇ ಕಾಯುತ್ತಿದ್ದವರಂತೆ ಚೀಲದ ಬಾಯಿ ಬಿಚ್ಚಿದರು. "ನಮ್ಮದ ಗಿರಣಿದ್ರಿ ಸ್ವಾಮಿ. ಎರಡು ಪಾಲಿಶು. ನಿಮಗಂತನ ತಂದೀವಿ."

ಡಾಕ್ಟರು ಒಂದು ಹಿಡಿ ತೆಗೆದು ನೋಡಿ, "ಅಯ್ಯೋ ದೇವುಡಾ" ಎಂದು ಹಾಗೇ ಚೀಲಕ್ಕೆ ಸುರಿದರು. ಸೂಜಿ ಕಾಯಿಸಿ, ಸಣ್ಣ ಗಾಜಿನ ಶೀಸೆ ಮುರಿದು, ಕೂಸಿನ ತೊಡೆಗೆ ಚುಚ್ಚಿದರು. ನನಗೂ ಒಂದು ಚುಚ್ಚಿದರು. "ಕೂತ್ಕೊಳ್ಳಿ, ನೋಡೋಣ. ಅದಕ್ಕೆ ಈಗ ನಿಮ್ಮ ಹಾಲು ಕೊಡಬೇಡಿ" ಎಂದರು.

ಕೂತೆವು. ಮಾವ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ನನ್ನ ಗಂಡ ಕೂಸಿನ ಪಾದ ಹಿಡಿದುಕೊಂಡೇ ಇದ್ದರು. ಹೊರಗೆ ಬೀದಿಯಲ್ಲಿ ಗಾಡಿಗಳು ಹೋದವು, ಬಂದವು. ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ತುಟಿಯ ನೀಲಿ ಇಳಿದಿತ್ತು. ಏದುಸಿರು ನಿಂತು, ಬಟ್ಟೆಯ ಬತ್ತಿಯಿಂದ ಹಿಂಡಿದ ಆಕಳ ಹಾಲನ್ನು ಚೀಪಿತು. ಡಾಕ್ಟರು ಬಂದು ನೋಡಿ, "ಇದು ಉಳೀತು" ಎಂದರು. ನಾನು ಅವರ ಕಾಲಿಗೆ ಬಿದ್ದೆ.

ಆಮೇಲೆ ಅವರು ಮಾವನನ್ನು ಎದುರು ಕೂರಿಸಿಕೊಂಡು ಹೇಳಿದರು. ಅಕ್ಕಿಯ ಸತ್ವವೆಲ್ಲ ಮೇಲಿನ ತೌಡಿನಲ್ಲಿರುತ್ತದೆ, ಗಿರಣಿ ಅದನ್ನು ಕೆರೆದು ಹಾಕುತ್ತದೆ; ಬೇಳೆ, ರೊಟ್ಟಿ, ಕಾಯಿಪಲ್ಯ ತಿನ್ನುವವರಿಗೆ ಅಷ್ಟು ತಿಳಿಯುವುದಿಲ್ಲ, ಆ ಅನ್ನವೊಂದನ್ನೇ ತಿನ್ನುವವರ ಕಾಲು ಬೀಳುತ್ತದೆ, ಮೊಲೆ ಕುಡಿಯುವ ಕೂಸು ಸಾಯುತ್ತದೆ. ಸಮುದ್ರದ ಕಡೆ ಇಂಥವನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. "ಇನ್ನು ಈಕೆಗೆ ಕುಟ್ಟಿದ ಅಕ್ಕಿ ಕೊಡಿ. ಬೇಳೆ ಕೊಡಿ, ರೊಟ್ಟಿ ಕೊಡಿ. ಕುಟ್ಟುವವರು ಸಿಗದಿದ್ದರೆ ತೌಡನ್ನೇ ಕೊಡಿ."

ರೊಟ್ಟಿ ಕೊಡಿ ಎಂದರು. ಆ ಮಾತು ಕೇಳಿ ನಾನು ಅಲ್ಲೇ ಎದೆ ಎದೆ ಬಡಿದುಕೊಂಡೆ. ಡಾಕ್ಟರಿಗೆ ಯಾಕೆಂದು ತಿಳಿಯಲಿಲ್ಲ. ಕೂಸು ಉಳಿಯಿತಲ್ಲಮ್ಮಾ ಎಂದು ಸಮಾಧಾನ ಮಾಡಿದರು. ನಾನು ಅಳುತ್ತಿದ್ದದ್ದು ಹೋದವನಿಗಾಗಿ. ಅವನು ಹಸಿದಾಗಲೆಲ್ಲ ಎತ್ತಿ ನಾನೇ ಕುಡಿಸಿದ್ದೆ. ಸಾಯುವ ಮಧ್ಯಾಹ್ನವೂ ಕುಡಿಸಿದ್ದೆ, ಹಾಲು ಇಳಿದರೆ ಚೇತರಿಸಿಕೊಂಡಾನೆಂದು. ಅವನನ್ನು ಉಳಿಸಬಹುದಾಗಿದ್ದ ಒಂದೇ ವಸ್ತುವನ್ನು ನಾನು ಕದ್ದು ತಿಂದಿದ್ದೆ. ಅದೂ ಒಂದೇ ಒಂದು. ದಿನಾ ಕದಿಯಬೇಕಾಗಿತ್ತು.

ದನಿ ಬರಲು ಇನ್ನೂ ಕೆಲವು ದಿನ ಹಿಡಿದವು. ಛತ್ರದಲ್ಲಿ ಉಳಿದುಕೊಂಡಿದ್ದೆವು. ಮೊದಲು ಗೊಗ್ಗರು ದನಿ, ಆಮೇಲೆ ಒಂದು ಬೆಳಿಗ್ಗೆ ನಿಜವಾದ ಕಿರುಚಾಟ. ಪಕ್ಕದ ಕೋಣೆಯವರು ಬೈದರು. ಬೈಯಲಿ ಬಿಡಿ ಎಂದು ನಾನು ಅದನ್ನು ಬಹಳ ಹೊತ್ತು ಅಳಲು ಬಿಟ್ಟೆ.

ತಿರುಗಿ ಹೋಗುವಾಗ ಅಕ್ಕಿಯ ಚೀಲವೂ ನಮ್ಮ ಜೊತೆಗೇ ಬಂತು. ಡಾಕ್ಟರು ಇಟ್ಟುಕೊಂಡಿರಲಿಲ್ಲ. ಬಸ್ಸಿನಲ್ಲಿ ಮಾವ ನನ್ನ ಕಡೆ ನೋಡದೆ, "ನಿಮ್ಮತ್ತಿಗೆ ಇದನ್ನ ಹೇಳಬ್ಯಾಡ, ನನ್ನವ್ವ. ತನ್ನ ಕೈಯಾರ ಬೇಸಿ ಹಾಕ್ಯಾಳ. ಗೊತ್ತಾದ್ರ ಆಕಿ ಉಳಿಯಂಗಿಲ್ಲ" ಎಂದರು. ಹೆಂಡತಿಯ ಮೇಲಿನ ಮರುಕವೋ, ಗಿರಣಿಯ ಮೇಲಿನ ಆಸೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇದ್ದೀತು. ಗಿರಣಿ ನಿಲ್ಲಲಿಲ್ಲ. ಕೇಳಿದರೆ, "ನಾ ಕೊಡದಿದ್ರ ಇನ್ನೊಬ್ಬ ಕೊಡ್ತಾನ. ಜನಕ್ಕ ಬಿಳೇದ ಬೇಕು" ಎನ್ನುವರು. ಅದು ಸುಳ್ಳೂ ಅಲ್ಲ, ಅಷ್ಟರಲ್ಲಿ ಊರಿಗೆ ಇನ್ನೊಂದು ಗಿರಣಿ ಬಂದಿತ್ತು.

ಅಕ್ಕಿ ಕೊಳ್ಳಲು ಬಂದ ಹೆಂಗಸರಿಗೆ ನಾನು ಹಿತ್ತಲ ಬಾಗಿಲಲ್ಲಿ ನಿಂತು ಹೇಳಿ ನೋಡಿದೆ. ಬಾಣಂತಿಗೆ ಇದು ಬ್ಯಾಡ, ರೊಟ್ಟಿ ಕೊಡ್ರಿ, ತೌಡು ಕೊಡ್ರಿ ಅಂದೆ. ಅವರು ಸೆರಗು ಅಡ್ಡ ಹಿಡಿದು ನಕ್ಕರು. ಸಾವುಕಾರರು ಸೊಸೆಗೆ ಎಮ್ಮೆಯ ತೌಡು ತಿನ್ನಿಸುತ್ತಾರೆ, ಅಷ್ಟು ಜಿಪುಣರು ಎಂದು ಊರಲ್ಲಿ ಮಾತಾಯಿತು. ಕೂಸು ಸತ್ತ ಮೇಲೆ ಪಾಪ ಈಕೆಯ ತಲೆ ಸರಿ ಇಲ್ಲ ಎಂದವರೂ ಇದ್ದರು. ನೇಕಾರರ ಓಣಿಯಲ್ಲಿ ಒಂದು ಕೂಸು ಹೋಯಿತೆಂದು ಸುದ್ದಿ ಬಂದಾಗ, ಸಾಯುವ ಮೊದಲು ಅದರ ದನಿ ಹೋಗಿತ್ತೇನು ಎಂದು ಆಳಿನ ಕೈಲಿ ಕೇಳಿಸಿದೆ. ಹೌದಂತೆ. ಆಮೇಲೆ ಕೇಳಿಸುವುದನ್ನೇ ಬಿಟ್ಟೆ. ಕೇಳಿ ನಾನು ಮಾಡುವುದೇನಿತ್ತು?

ಕುಟ್ಟುವವರು ಯಾರೂ ಉಳಿದಿರಲಿಲ್ಲ. ನಾನು ತೌಡನ್ನೇ ಜರಡಿ ಹಿಡಿದು, ಹುರಿದು, ಬೆಲ್ಲ ಕಲಸಿ ತಿನ್ನುತ್ತಿದ್ದೆ. ಹಾಲು ಹೆಚ್ಚಲೆಂದು ಡಾಕ್ಟರು ಹೇಳಿದ್ದಾರೆ ಎಂದಷ್ಟೇ ಅತ್ತೆಗೆ ಹೇಳಿದ್ದೆ. ಅವರು ದಡ್ಡರಲ್ಲ. ದಿನಾ ನೋಡುತ್ತಿದ್ದರು: ನಾನು ತೌಡು ತಿನ್ನುವುದನ್ನು, ರೊಟ್ಟಿ ತಿನ್ನುವುದನ್ನು, ಕೂಸು ಮೈ ತುಂಬಿಕೊಳ್ಳುವುದನ್ನು, ಬಾಣಂತಿ ಅಕ್ಕಿಯ ಡಬ್ಬಿಯನ್ನು ನಾನು ಮುಟ್ಟದಿರುವುದನ್ನು.

ಒಂದು ಅಮಾವಾಸ್ಯೆ, ಗಿರಣಿಗೆ ರಜೆ. ಮನೆ ನಿಶ್ಶಬ್ದವಾಗಿತ್ತು. ನಾನು ಅಡಿಗೆಮನೆಯಲ್ಲಿ ಬೆಲ್ಲ ಜಜ್ಜುತ್ತಿದ್ದೆ. ಕೂಸು ಅತ್ತೆಯ ತೊಡೆಯ ಮೇಲಿತ್ತು. ಅವರು ಅದರ ಹೊಟ್ಟೆಯ ಮೇಲಿನ ಬರೆಯ ಗುರುತನ್ನು ಬೆರಳಿನಿಂದ ಸವರುತ್ತ ಕೇಳಿದರು.

"ಹಂಗಾದ್ರ ಆ ಕೂಸಿಗೂ ಇದ ಆಗಿತ್ತೇನು?"

ನನ್ನ ನಾಲಿಗೆ ಹರಿತವಾದದ್ದು. "ನಿನ್ನ ನಾಲಿಗಿ ಚಪಲ" ಎಂದು ಅವರಂದ ಮಾತು ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ. ಹೊಸಪೇಟೆಯಿಂದ ಬರುವಾಗ ದಾರಿಯುದ್ದಕ್ಕೂ ಇದಕ್ಕೆ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಒಂದು "ಹೌದು" ಸಾಕಾಗಿತ್ತು. ಅವರ ಮುಖ ನೋಡಿದೆ. ಆ ಅಕ್ಕಿಯನ್ನು ತೊಳೆದ ಕೈ ಕೂಸಿನ ಹೊಟ್ಟೆಯ ಮೇಲೇ ಇತ್ತು.

"ಇಲ್ರಿ ಅತ್ತಿ" ಎಂದೆ. "ಆವಾಗ ನಾ ರೊಟ್ಟಿ ತಿಂದಿದ್ನಲ್ರಿ, ಅದಕ್ಕ."

ಅತ್ತೆ ನನ್ನನ್ನೇ ನೋಡಿದರು. ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಎದ್ದು, ಗೂಡಿನ ಚೊಂಬನ್ನು ಹಿಂದಕ್ಕೆ ತಳ್ಳಿ ಹೊರಗೆ ಹೋದರು.

ಆ ದಿನದಿಂದ ಅವರು ಅನ್ನ ಮುಟ್ಟಲಿಲ್ಲ. ಹಬ್ಬಕ್ಕೂ ಇಲ್ಲ, ಮದುವೆಯ ಪಂಕ್ತಿಯಲ್ಲೂ ಇಲ್ಲ, ಹಲ್ಲೆಲ್ಲ ಬಿದ್ದು ಹಾಸಿಗೆ ಹಿಡಿದ ಮೇಲೂ ಇಲ್ಲ. ಕಡೆಗಾಲದಲ್ಲಿ ನಾನು ದಿನಾ ತೆಳ್ಳಗೆ ಒಂದು ರೊಟ್ಟಿ ಬಡಿದು, ಹಾಲಿನಲ್ಲಿ ನೆನೆಸಿ, ಅವರ ಬಾಯಿಗೆ ಇಡುತ್ತಿದ್ದೆ.